ಅತ್ತೆ ಮರೆತದ್ದು

ಅರ್ಪಿತಾಳ ಅಪ್ಪ ಸತ್ತ ಸುದ್ದಿಯ ಫೋನ್ ಎತ್ತಿದ್ದು ಅತ್ತೆ ಮುನಿವೆಂಕಟಮ್ಮ. ಅವತ್ತು ಯುಗಾದಿಯ ಮಾರನೇ ದಿನ, ಹೊಸತೊಡಕಿನ ಮಾಂಸದೂಟ. ಗೊಟ್ಟಿಗೆರೆಯ ಮನೆ ತುಂಬ ನೆಂಟರು. ಕೊನೆಯ ಪಂಕ್ತಿ ಎದ್ದ ಮೇಲಷ್ಟೇ ಸೊಸೆಗೆ ವಿಷಯ ಹೇಳಿದ್ದಳು. "ಮೊದ್ಲೇ ಹೇಳಿದ್ರೆ ಬಾಡಿನ ಸಾರು ಯಾರ್ ಮಾಡೋರು?" ಅರ್ಪಿತಾ ತವರುಮನೆ ಸುಬ್ರಹ್ಮಣ್ಯಪುರ ಮುಟ್ಟುವಷ್ಟರಲ್ಲಿ ಅಪ್ಪನ ಮೇಲೆ ಮಣ್ಣು ಬಿದ್ದಾಗಿತ್ತು.

ಈಗ ಅತ್ತೆಗೆ ಅಲ್ಝೈಮರ್ಸ್. ಮಾಡಿದ್ದೆಲ್ಲ ಮರೆತು ಹಾಯಾಗಿದ್ದಾಳೆ ಮಹಾತಾಯಿ! ತುತ್ತು ಬಾಯಿಗಿಡುವಾಗ ದಿನಾ ಅದೇ ಪ್ರಶ್ನೆ: "ನಿಮ್ಮಪ್ಪ ಚೆನ್ನಾಗವ್ರಾ? ಒಂದ್ಸಲ ಕರ್ಕೊಂಡ್ ಬಾರವ್ವ." ಕೇಳಿದಾಗೆಲ್ಲ ಅರ್ಪಿತಾಳ ಹೊಟ್ಟೆ ಉರಿಯುತ್ತಿತ್ತು. ಕಳೆದುಹೋಗಲಿ ಮುದುಕಿ. ಹೆತ್ತವಳ ಕೊನೆಯ ಮುಖ ಸಿಗದೆ ಇವಳ ಮಗನೂ ಒದ್ದಾಡಲಿ.

ಎಲ್ಲವನ್ನೂ ಅಳೆದು ತೂಗಿಯೇ ಮಾಡಿದಳು. ಗಂಡ ನಂದಕುಮಾರ್ ಹಾರ್ಡ್‌ವೇರ್ ಅಂಗಡಿಗೆ ಹೊರಟ ಮೇಲೆ, ಅವನು ತನ್ನ ಫೋನ್ ನಂಬರ್ ಕೆತ್ತಿಸಿ ತಾಯಿಯ ಕೊರಳಿಗೆ ಹಾಕಿದ್ದ ಡಾಲರ್ ಬಿಚ್ಚಿಟ್ಟಳು. ತನ್ನ ಮೊಬೈಲು ಮನೆಯಲ್ಲೇ ಇರಲಿ. ಮುಖಕ್ಕೆ ಮಾಸ್ಕ್, ಕ್ಯಾಮೆರಾ ಇಲ್ಲದ ಹಿಂದಿನ ಸಂದು, ಬನಶಂಕರಿ ಬಸ್ ಸ್ಟ್ಯಾಂಡಿನ ನೂಕುನುಗ್ಗಲು. ಕನಕಪುರ ರಸ್ತೆಯ ಕಡೆ ಹೊರಟಿದ್ದ ಬಸ್ಸಿನ ಕಿಟಕಿ ಪಕ್ಕ ಕೂರಿಸಿ, "ನೀರು ತರ್ತೀನಿ, ಕೂತಿರಿ ಅತ್ತೆ" ಎಂದು ಇಳಿದುಬಿಟ್ಟಳು. ಅತ್ತೆ ಮಗುವಿನ ಹಾಗೆ ತಲೆಯಾಡಿಸಿದಳು.

ಮನೆಗೆ ಬಂದು ಗಂಡನಿಗೆ ಫೋನ್ ಮಾಡಿ ಗೋಳೋ ಎಂದು ಅತ್ತಳು. ತರಕಾರಿ ಗಾಡಿಗೆಂದು ಬಾಗಿಲು ತೆಗೆದವಳು ಚಿಲಕ ಹಾಕುವುದನ್ನು ಮರೆತಳಂತೆ, ಸ್ನಾನ ಮುಗಿಸಿ ಬಂದರೆ ಅತ್ತೆ ಇಲ್ಲವಂತೆ. ಮರೆವು ಅತ್ತೆಗೊಬ್ಬಳಿಗೇ ಬರಬೇಕೇ? ಪೊಲೀಸರ ಮುಂದೆ, ರಾತ್ರಿ ಮಲಗಿದ್ದ ಹಸಿರು ನೈಟಿಯಲ್ಲೇ ಹೋಗಿದ್ದಾರೆ ಎಂದಳು. ನಂದಕುಮಾರ್ ಕೂಡ ಹೌದೆಂದ, ಹೊರಡುವಾಗ ನೋಡಿದ್ದನಲ್ಲ. ಅವಳಿಗೆ ಒಳಗೊಳಗೇ ಖುಷಿ. ನೈಟಿಯ ಅಜ್ಜಿಯನ್ನು ಊರೆಲ್ಲ ಹುಡುಕಲಿ, ಅತ್ತೆ ಹೋಗಿದ್ದು ನೀಲಿ ಸೀರೆಯಲ್ಲಿ.

ಸಂಜೆ ನಂದಕುಮಾರನ ಫೋನಿಗೆ ಒಂದು ಫೋಟೋ ಬಂತು. ಯಾವುದೋ ಠಾಣೆಯ ಬೆಂಚಿನ ಮೇಲೆ ಮುನಿವೆಂಕಟಮ್ಮ ಕೂತಿದ್ದಳು. "ಅಮ್ಮ ಸಿಕ್ಬಿಟ್ರು ಕಣೇ!" ಎಂದು ಅವನು ಅತ್ತೇಬಿಟ್ಟ. ಅರ್ಪಿತಾಳಿಗೆ ನಿರಾಸೆಯಾಯಿತು, ಭಯವಾಗಲಿಲ್ಲ. ಅತ್ತೆ ಬಾಯಿಬಿಟ್ಟರೂ ನಂಬುವವರ್ಯಾರು? ನಂದಕುಮಾರ್ ಕಣ್ಣೊರೆಸಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದ. ಒಪ್ಪವಾಗಿ ಹಿಡಿದ ನಿರಿಗೆ, ಭುಜದ ಮೇಲೆ ಸೆರಗಿಗೆ ಪಿನ್ನು. ಅವನು ನಿಧಾನವಾಗಿ ತಲೆಯೆತ್ತಿದ. "ಅಮ್ಮಂಗೆ ಒಂದು ಗುಂಡಿ ಹಾಕ್ಕೊಳ್ಳೋಕೂ ಬರಲ್ವಲ್ಲ ಅರ್ಪಿತಾ. ಸೀರೆ ಉಡ್ಸಿದ್ಯಾರು?"