ಮೊದಲ ಪಂಕ್ತಿಯಲ್ಲಿ ಕೂತವರು

ಬಹಳ ಬಹಳ ಹಿಂದೆ ವಾಕ್ಯಪುರಿ ಎಂಬ ರಾಜ್ಯವಿತ್ತು. ಅಲ್ಲಿಯ ಮಾತು ಇಂಗ್ಲಿಷ್. ಆ ಮಾತಿನ ಕ್ರಿಯಾಪದಗಳು ಕೈಕಾಲುಳ್ಳ ಪ್ರಜೆಗಳಾಗಿ ಅಲ್ಲೇ ಬಾಳುತ್ತಿದ್ದರು. ಒಂದು ದಿನ ಧೂಮಕೇತನೆಂಬ ಮಾಂತ್ರಿಕ ಅವರನ್ನೆಲ್ಲ ಬೆಟ್ಟದ ಮೂರು ಗುಹೆಗಳಿಗೆ ತಳ್ಳಿ, "ದ ಕ್ವೀನ್ ವಿಲ್ ಸ್ಲೀಪ್" ಎಂದು ಮಂತ್ರ ಹಾಕಿದ. ರಾಣಿ ಸಿಂಹಾಸನದಲ್ಲೇ ನಿದ್ದೆಹೋದಳು. ಸೂರ್ಯ ಮುಳುಗುವುದರೊಳಗೆ ಎಚ್ಚರವಾಗದಿದ್ದರೆ ಅವಳು ಕಲ್ಲಾಗುವಳು. ಕ್ರಿಯಾಪದಗಳಿಲ್ಲದೆ ಊರಿಗೆ ಊರೇ ನಿಂತಲ್ಲೇ ನಿಂತಿತು.

ರಾಣಿಯ ಮಗಳು ಚೆನ್ನಾಜಿ ಆಗ ಅಜ್ಜಿಯ ಕನ್ನಡ ನಾಡಿನಿಂದ ಮರಳುತ್ತಿದ್ದಳು. ನಾಲಿಗೆಯ ಮೇಲೆ ಅಜ್ಜಿಯ ಮಾತಿದ್ದದ್ದರಿಂದ ಅವಳು ಮಾತ್ರ ನಿಲ್ಲಲಿಲ್ಲ. ಮಹಾ ಗತ್ತಿನ ಹುಡುಗಿ ಅವಳು. ನಿದ್ದೆಹೋದ ಅಮ್ಮನನ್ನು ಕಂಡು, ಕ್ರಿಯಾಪದಗಳ ಹೆಜ್ಜೆಗುರುತು ಹಿಡಿದು, ಬುತ್ತಿಯ ಗಂಟನ್ನೂ ಇಳಿಸದೆ ನೇರ ಬೆಟ್ಟ ಹತ್ತಿದಳು.

ಮೊದಲ ಗುಹೆಗೆ ಹುಲಿ ಕಾವಲು. ಒಳಗಿರುವವರು ಯಾರೆಂದು ಕೇಳಿತು. "ಓಡುವ ರನ್, ಎಬ್ಬಿಸುವ ವೇಕ್, ಒದೆಯುವ ಕಿಕ್. ಕೆಲಸ ಮಾಡುವ ಕ್ರಿಯಾಪದಗಳು" ಎಂದಳು ಚೆನ್ನಾಜಿ. ಹೆಸರು ಕೇಳಿದ್ದೇ ತಡ, ಕಿಕ್ ಬಾಗಿಲನ್ನು ಒದ್ದ. ಹುಲಿ ಬೆಕ್ಕಾಗಿ ಓಡಿತು.

ಎರಡನೆಯ ಗುಹೆಗೆ ಹೆಬ್ಬಾವು ಕಾವಲು. ನೀನು ಯಾರೆಂದು ಇಂಗ್ಲಿಷಿನಲ್ಲಿ ಹೇಳು ಎಂದಿತು. ಅವಳು ಅಜ್ಜಿಯೂರಿನ "ನಾನು ಚೆನ್ನಾಜಿ" ಎಂಬ ರೂಢಿಯಲ್ಲೇ "ಐ ಚೆನ್ನಾಜಿ" ಎಂದುಬಿಟ್ಟಳು. ಹಾವು ಸೊಂಟಕ್ಕೆ ಸುತ್ತಿಕೊಂಡಿತು. ಒಳಗೆ ಆಮ್, ಈಸ್, ಆರ್ ಎಂಬ ಅಣ್ಣತಮ್ಮಂದಿರು ಸುಮ್ಮನೆ ಕೂತಿದ್ದರು. ಅವರು ಓಡುವವರಲ್ಲ, ಒದೆಯುವವರಲ್ಲ. ಯಾರು ಏನೆಂಬುದನ್ನು ಬೆಸೆದು ನಿಲ್ಲಿಸುವವರು. ಚೆನ್ನಾಜಿ ಕೂಗಿದಾಗ ಆಮ್ ಬಂದು ಅವಳ ಮಾತಿನ ನಡುವೆ ನಿಂತ. "ಐ ಆಮ್ ಚೆನ್ನಾಜಿ." ಹಾವು ಹಗ್ಗವಾಗಿ ಕಳಚಿ ಬಿತ್ತು.

ಮೂರನೆಯ ಗುಹೆಗೆ ಕಾವಲೂ ಇಲ್ಲ, ಬೀಗವೂ ಇಲ್ಲ. ಬೀಗ ಹಾಕುವಷ್ಟು ಮರ್ಯಾದೆಯನ್ನೂ ಮಾಂತ್ರಿಕ ಅವರಿಗೆ ಕೊಟ್ಟಿರಲಿಲ್ಲ. ಒಳಗಿದ್ದವರು ವಿಲ್, ಕ್ಯಾನ್, ಮಸ್ಟ್; ಉಳಿದವರ ಕೆಲಸಕ್ಕೆ ಹೆಗಲು ಕೊಡುವ ಸಹಾಯಕ ಕ್ರಿಯಾಪದಗಳು. ಅವರು ಕದಲಲೇ ಇಲ್ಲ.

ಹಿರಿಯನಾದ ವಿಲ್ ಹೇಳಿದ: "ತಾಯಿ, ಅರಮನೆಯ ಊಟದಲ್ಲಿ ಬಡಿಸಿದವರು ನಾವು. ನಮಗೆ ಒಂದು ದಿನವಾದರೂ ಎಲೆ ಹಾಕಿದ್ದುಂಟೆ?"

ಚೆನ್ನಾಜಿಗೆ ಮುಖ ಎತ್ತಲಾಗಲಿಲ್ಲ. ಯಾವಾಗಲೂ ಮೊದಲ ಪಂಕ್ತಿಯಲ್ಲಿ ಉಂಡವಳು ಅವಳೇ. ಬಿಸಿಲು ಇಳಿಯುತ್ತಿತ್ತು. ಅಮ್ಮ ಕಲ್ಲಾಗಲು ಇನ್ನು ಸ್ವಲ್ಪವೇ ಹೊತ್ತು. ಆದರೂ ಅವಳು ಸೆರಗು ಸಿಕ್ಕಿಸಿ, ಬಾಳೆಯೆಲೆ ಹಾಸಿ, ಬುತ್ತಿ ಬಿಚ್ಚಿ ಮೊಸರನ್ನವನ್ನು ತನ್ನ ಕೈಯಾರೆ ಬಡಿಸಿದಳು. ರನ್ ನೀರು ತಂದ. ಇನ್ನೂ ಸ್ವಲ್ಪ ಹಾಕಿಸಿಕೊಳ್ಳಿ ಎಂದು ಉಪಚಾರ ಮಾಡಿದಳು. ತನಗೆ ಒಂದು ತುತ್ತೂ ಉಳಿಯಲಿಲ್ಲ.

ಎಲ್ಲರೂ ಅರಮನೆ ಮುಟ್ಟಿದಾಗ ಸೂರ್ಯ ಕೋಟೆಯ ಗೋಡೆಗೆ ತಾಗಿದ್ದ. ವೇಕ್ ರಾಣಿಯ ಕೈ ಹಿಡಿದೆಳೆದ. ಅವಳು ಮಿಸುಕಲಿಲ್ಲ. ಸಿಂಹಾಸನದ ಪಕ್ಕದಲ್ಲೇ ಕಾದು ನಿಂತಿದ್ದ ಧೂಮಕೇತ ನಕ್ಕ.

ಆಗ ವಿಲ್ ಮುಂದೆ ಬಂದ. "ನಿನ್ನ ಮಂತ್ರಕ್ಕೂ ಹೆಗಲು ಕೊಟ್ಟವನು ನಾನೇ. ಇಗೋ, ತೆಗೆದೆ" ಎಂದ. ಮಂತ್ರ ಕುಸಿಯಿತು. ಕ್ಯಾನ್ ಹೋಗಿ ವೇಕ್‌ನ ಪಕ್ಕ ನಿಂತ. "ದ ಕ್ವೀನ್ ಕ್ಯಾನ್ ವೇಕ್." ರಾಣಿ ಕಣ್ಣು ಬಿಟ್ಟಳು. ಧೂಮಕೇತ ಇನ್ನೊಂದು ಮಂತ್ರಕ್ಕೆ ಬಾಯಿ ತೆರೆದ. ಅವನ ಮಾತಿಗೆ ಯಾರೂ ಬರಲಿಲ್ಲ. ನಿಂತಲ್ಲೇ ಬೂದಿಯಾದ.

ರಾಣಿ ಮಗಳ ಕೈಯಲ್ಲಿ ಅಂಟಿದ್ದ ಅನ್ನದ ಅಗುಳು ನೋಡಿ ನಡೆದದ್ದನ್ನು ಕೇಳಿ ತಿಳಿದಳು. ಅವಳಿಗೆ ಹೆಮ್ಮೆ ತಡೆಯಲಾಗಲಿಲ್ಲ. ತುಂಬಿದ ಸಭೆಯಲ್ಲಿ ಹೇಳಿದಳು: "ನೋಡಿ, ಇವಳು ನನ್ನ ಮಗಳು. ಬಡಿಸಲು ಕಲಿತು ಬಂದಿದ್ದಾಳೆ."

ಅಂದಿನಿಂದ ವಾಕ್ಯಪುರಿಯಲ್ಲಿ ಬಡಿಸುವವರಿಗೇ ಮೊದಲ ಪಂಕ್ತಿ. ಇಂಗ್ಲಿಷಿನಲ್ಲಿ "ಕ್ಯಾನ್ ಯು ರನ್?" ಎಂದು ಪ್ರಶ್ನೆ ಕೇಳಿ ನೋಡಿ. ಇವತ್ತಿಗೂ ಕ್ಯಾನ್, ವಿಲ್ ಎಲ್ಲರಿಗಿಂತ ಮುಂದೆ ಬಂದು ಕೂರುತ್ತಾರೆ. ಉಳಿದವರು ಅವರ ಹಿಂದೆ ಸಂತೋಷವಾಗಿ ಸಾಲು ಹಿಡಿದು ಬಾಳುತ್ತಿದ್ದಾರೆ.