ಚಳಿ ಹೊಡೆದ ಸೀತಾಳೆ

ಬಹಳ ಬಹಳ ಹಿಂದೆ, ಹಿಮದ ಬೆಟ್ಟದ ಬುಡದಲ್ಲಿ ನೇಸರಪುರವೆಂಬ ರಾಜ್ಯವಿತ್ತು. ಅಲ್ಲಿ ಮಗು ಹುಟ್ಟಿದೊಡನೆ ಅದರ ಹೆಸರಿನಲ್ಲಿ ಮರವನ್ನಪ್ಪಿ ಬೆಳೆಯುವ ಒಂದು ಸೀತಾಳೆ ಹೂಗಿಡವನ್ನು ಬೆಟ್ಟದಾಚೆಯ ಬೆಚ್ಚನೆಯ ಕಾಡಿನ ಮರಕ್ಕೆ ಕಟ್ಟುತ್ತಿದ್ದರು. ಮಗುವಿನ ಉಸಿರು ಆ ಗಿಡದಲ್ಲಿರುತ್ತಿತ್ತು.

ಒಮ್ಮೆ ರಾಜ, "ಹೂವೆಲ್ಲ ನನ್ನ ಅರಮನೆಯಲ್ಲೇ ಅರಳಲಿ" ಎಂದ. ಚಳಿಗಾಲದಲ್ಲೇ ನೂರು ಗಿಡಗಳನ್ನು ಬುಟ್ಟಿಗೆ ತುಂಬಿ ಬೆಟ್ಟ ದಾಟಿಸಿದರು. ಆ ದಾರಿಯಲ್ಲಿ ಶೀತಕೇತುವೆಂಬ ಮಾಂತ್ರಿಕನಿದ್ದ. ಬುಟ್ಟಿಗಳ ಮೇಲೆ ಒಮ್ಮೆ ಉಸಿರೂದಿದ. ಅಷ್ಟೇ.

ಬುಟ್ಟಿ ತೆರೆದಾಗ ಎಲೆಗಳು ಬೆಂದಂತೆ ಮೆತ್ತಗಾಗಿ ಕಪ್ಪಿಟ್ಟಿದ್ದವು. ಅದೇ ಗಳಿಗೆಯಲ್ಲಿ ಊರಿನ ನೂರು ಮಕ್ಕಳು ಆಡುತ್ತಾಡುತ್ತ ನಿಂತಲ್ಲೇ ನಿಂತುಬಿಟ್ಟರು. ಕಣ್ಣು ತೆರೆದೇ ಇತ್ತು, ರೆಪ್ಪೆ ಅಲುಗಲಿಲ್ಲ. ರಾಜಕುಮಾರನೂ ನಿಂತ. ಅರಮನೆಯ ತೋಟಗಿತ್ತಿ ಬೊಮ್ಮಲೆಯ ಮಗಳು ಚಿಗುರಿಯೂ ನಿಂತಳು.

ಬೊಮ್ಮಲೆ, ಮರಗಳಿಗೆ ಆ ಗಿಡ ಕಟ್ಟುವ ಮುದುಕಿ ಹಾಲಮ್ಮನಲ್ಲಿಗೆ ಓಡಿದಳು.

"ಚಳಿ ಹೊಡೆದ ಗಿಡಕ್ಕೆ ಅವಸರವೇ ವಿಷ ಕಣವ್ವಾ," ಎಂದಳು ಹಾಲಮ್ಮ. "ನೆರಳಲ್ಲಿಡು. ಬಿಸಿಲು ಬೇಡ, ನೀರು ಬೇಡ. ಮೂರನೇ ದಿನ ಕಪ್ಪನ್ನೆಲ್ಲ ಕೊಯ್ದು ಬೂದಿ ಹಚ್ಚು. ಆ ಕಪ್ಪಿನೊಳಗೆ ಮಾಂತ್ರಿಕ ಕೂತಿದ್ದಾನೆ. ಬೇಡ್ತಾನೆ, ಕಿವಿಗೊಡಬೇಡ."

ಬೊಮ್ಮಲೆ ಗಿಡಗಳನ್ನೆಲ್ಲ ಅರಮನೆಯ ಕೋಣೆಯೊಂದರಲ್ಲಿಟ್ಟು, ಬಾಗಿಲು ಕಿಟಕಿ ಮುಚ್ಚಿ ಒಳಗೇ ಕೂತಳು. ಮೊದಲ ದಿನ ಗಿಡಗಳು ಮಕ್ಕಳ ದನಿಯಲ್ಲಿ ಅತ್ತವು: "ಚಳಿ, ಚಳಿ! ಬಿಸಿಲಿಗಿಡು!" ರಾಜ ಬಾಗಿಲು ಬಡಿದ. "ನನ್ನ ಮಗ ಕರೀತಿದ್ದಾನೆ! ಕಿಟಕಿ ತೆಗೆ!"

"ತೆಗೆಯೋದಿಲ್ಲ, ಪ್ರಭೂ."

ಎರಡನೆಯ ದಿನ ಅತ್ತವು: "ದಾಹ, ದಾಹ! ನೀರು ಕೊಡು!" ಬೊಮ್ಮಲೆ ತುಂಬಿದ ಕೊಡವನ್ನು ಹೊರಗೆ ಚೆಲ್ಲಿ, ಕಿವಿ ಮುಚ್ಚಿ ಕೂತಳು.

ಮೂರನೆಯ ದಿನ ಕತ್ತಿ ಹಿಡಿದಳು. ಒಂದೇ ಒಂದು ದನಿ ಕೇಳಿತು.

"ಅವ್ವಾ, ನಾನು ಚಿಗುರಿ. ಕೊಯ್ಯಬೇಡ. ನೋಯುತ್ತೆ."

ಅದೇ ತೊದಲು, ಅದೇ ಮುದ್ದು. ಬಾಗಿಲ ಸಂದಿಯಲ್ಲಿ ನೋಡಿದಳು: ಆಚೆ ಕಲ್ಲಾಗಿ ನಿಂತ ಮಗಳ ತುಟಿ ಮಾತ್ರ ಅಲುಗಿರಲಿಲ್ಲ. ಬೊಮ್ಮಲೆ ಕಪ್ಪಾದ ಎಲೆಯನ್ನು ಬೆರಳಲ್ಲಿ ಹಿಡಿದಳು.

"ನನ್ನ ಮಗಳೇ ಆಗಿದ್ದರೆ ಆಮೇಲೆ ಬೈಯುವೆಯಂತೆ," ಎಂದು ಕೊಯ್ದು ಬೂದಿ ಹಚ್ಚಿದಳು.

ನೂರು ಗಿಡ, ನೂರು ಚೀರಾಟ. ಕೊನೆಯ ಕಪ್ಪೆಲೆ ಬಿದ್ದಾಗ ಆ ದನಿ ಮುದುಕನದಾಗಿ, ಗೊಗ್ಗರಾಗಿ, ಅಡಗಿತು. ಬೆಟ್ಟದ ಮೇಲೆ ಶೀತಕೇತು ಕರಗಿ ಹರಿದುಹೋದ. ಒದ್ದೆ ಅಂಗಿಯಷ್ಟೇ ಉಳಿಯಿತು.

ಗಿಡಗಳ ಬೇರಿನ ತುದಿ ಹಸಿರಾಯಿತು. ನೂರು ಮಕ್ಕಳು ಉಸಿರೆಳೆದರು. ಚಿಗುರಿ ಓಡಿಬಂದು, "ಅವ್ವಾ, ಹಸಿವು!" ಎಂದಳು. ಬೊಮ್ಮಲೆ ಅವಳನ್ನು ತಬ್ಬಿಕೊಂಡು ಅತ್ತಳು.

ಬೇಸಗೆ ಬಂದಾಗ ರಾಜ ತಾನೇ ಬುಟ್ಟಿ ಹೊತ್ತು ಗಿಡಗಳನ್ನು ಕಾಡಿಗೆ ಮರಳಿಸಿದ. ಹೂಗಳು ಅಲ್ಲೇ ಅರಳಿದವು, ಮಕ್ಕಳು ಇಲ್ಲಿ ಬೆಳೆದರು, ನೇಸರಪುರ ನೂರು ಕಾಲ ನಗುತ್ತ ಬಾಳಿತು.