ತೊಟ್ಟಿಯಲ್ಲಿ ಗೊಂಬೆ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹೆಂಗಸೊಬ್ಬಳು ಏಳು ವರ್ಷದ ಮಗಳ ಕೈ ಬಿಗಿಯಾಗಿ ಹಿಡಿದು ಠಾಣೆಗೆ ಬಂದಳು.

"ಯಾರೋ ಮನೆಯೊಳಗೆ ಬಂದಿದ್ದಾರೆ ಸರ್. ಇವಳ ಗೊಂಬೇನ ಬಚ್ಚಲಿನ ತೊಟ್ಟೀಲಿ ಮುಳುಗಿಸಿದ್ದಾರೆ."

ಹಿರಿಯ ಕಾನ್‌ಸ್ಟೆಬಲ್ ನಗು ನುಂಗಿಕೊಂಡ. "ಗೊಂಬೆಗೂ ಎಫ್‌ಐಆರ್ ಹಾಕೋಣ್ವಾ ಅಮ್ಮಾ?"

"ಆಮೇಲೆ ಫೋನೂ ಬಂತು. ಗಂಟಲು ಕಟ್ಟಿದ ದನಿ. 'ಸಮುದ್ರಕ್ಕೆ ಹೋದ್ರೆ ನಿನ್ನ ಮಗಳೂ ಹೀಗೇ' ಅಂತು."

ಕಾನ್‌ಸ್ಟೆಬಲ್ ಪೆನ್ನು ತೆಗೆದ. ಎಫ್‌ಐಆರ್ ದಾಖಲಾಯಿತು.

ಮುಂದಿನ ತಿಂಗಳು ಕುಟುಂಬ ಕೆರಿಬಿಯನ್ ದ್ವೀಪವೊಂದಕ್ಕೆ ಹೊರಡುವುದಿತ್ತು. ಇನ್‌ಸ್ಪೆಕ್ಟರ್ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ದ್ವೀಪದ ನಕ್ಷೆ ಹರಡಿತ್ತು. ದೋಣಿಯಿಂದ ನೀರಿಗೆ ಹಾರುವ ಜಾಗಕ್ಕೆ ಮಗಳು ಕೆಂಪು ಬಣ್ಣದಲ್ಲಿ ಸುತ್ತು ಹಾಕಿದ್ದಳು.

ಬಾಗಿಲಿನ ಬೀಗ ಮುರಿದಿರಲಿಲ್ಲ. ಗೊಂಬೆ ಕಣ್ಣು ತೆರೆದುಕೊಂಡು ತೊಟ್ಟಿಯ ತಳದಲ್ಲಿ ಅಂಗಾತ ಮಲಗಿತ್ತು. ಸೊಂಟಕ್ಕೆ ನೀಲಿ ಹಗ್ಗದಿಂದ ಕಲ್ಲು ಕಟ್ಟಿತ್ತು. ಪಂಚನಾಮೆಯಲ್ಲಿ ಇನ್‌ಸ್ಪೆಕ್ಟರ್ ಹಗ್ಗದ ಗಂಟಿನ ಬಗೆಯನ್ನೂ ಬರೆಸಿದ. ಹುಡುಗಿ ಬಚ್ಚಲಿನ ಹೊಸ್ತಿಲು ದಾಟಲಿಲ್ಲ. ಬೆಳಗಿನಿಂದ ಮುಖ ತೊಳೆಯಲೂ ಒಪ್ಪಿರಲಿಲ್ಲ.

"ಬೀಗದಕೈ ಯಾರ ಹತ್ರ ಇರುತ್ತೆ?"

"ನಂದು ಒಂದು, ನಮ್ಮನೆಯವರದ್ದು ಒಂದು."

"ಅವರೆಲ್ಲಿ?"

"ಈಜುಕೊಳದಲ್ಲಿ. ಮಕ್ಕಳಿಗೆ ಈಜು ಕಲಿಸ್ತಾರೆ. ನೀರಲ್ಲಿ ಮೀನೇ ಸರ್. ಅವರಿದ್ದಾರಲ್ಲ ಅಂತಲೇ ಸಮುದ್ರಕ್ಕೆ ಹೊರಟಿದ್ದು."

ಮಧ್ಯಾಹ್ನದೊಳಗೆ ಫೋನಿನ ಮೂಲ ಸಿಕ್ಕಿತು. ಈಜುಕೊಳದ ಎದುರಿನ ಅಂಗಡಿ.

ಮೂರು ಗಂಟೆಗೆ ಇನ್‌ಸ್ಪೆಕ್ಟರ್, ಕಾನ್‌ಸ್ಟೆಬಲ್ ಕೊಳದ ಮೆಟ್ಟಿಲ ಮೇಲೆ ಕೂತರು. ಆಕೆಯ ಗಂಡ, ಈಜು ಮೇಷ್ಟ್ರು, ಸೀಟಿ ಊದುತ್ತ ದಡದಲ್ಲೇ ಓಡಾಡುತ್ತಿದ್ದರು. ಆಳದ ಕಡೆ ಹುಡುಗಿಯೊಬ್ಬಳು ನೀರು ಕುಡಿದು ಒದ್ದಾಡಿದಳು. ಮೇಷ್ಟ್ರು ಉದ್ದದ ಕೋಲು ಚಾಚಿದರು. ಎಟುಕಲಿಲ್ಲ. ಅಂಚಿನವರೆಗೆ ಬಂದ ಕಾಲು ಅಲ್ಲೇ ನಿಂತುಬಿಟ್ಟಿತು. ಹುಡುಗಿಯ ತಲೆ ಎರಡನೇ ಸಲ ಒಳಗೆ ಹೋಯಿತು.

ಬೂಟು ಸಮೇತ ಹಾರಿ ಅವಳನ್ನು ಎಳೆದು ತಂದವನು ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ಕೆಳಗೆ ಬಿದ್ದ ಕೋಲು ಎತ್ತಿಕೊಂಡ. ಹಿಡಿಗೆ ನೀಲಿ ಹಗ್ಗ ಸುತ್ತಿತ್ತು. ಅದೇ ಗಂಟು.

"ನೀರಿಗಿಳಿದು ಎಷ್ಟು ದಿನ ಆಯ್ತು ಮೇಷ್ಟ್ರೇ?"

ಮೇಷ್ಟ್ರ ಹೆಗಲ ಮೇಲಿನ ಟವೆಲ್ ಗರಿಗರಿ ಒಣಗಿತ್ತು.

"ಮಗಳು ಹುಟ್ಟೋಕೆ ಮುಂಚೆ ಇಳಿದಿದ್ದೇ ಕೊನೆ ಸರ್. ಹೊಳೇಲಿ ಮುಳುಗ್ತಿದ್ದೋನೊಬ್ಬ ನನ್ನ ಕಾಲು ಹಿಡ್ಕೊಂಡ. ಒದ್ದು ಬಿಡಿಸ್ಕೊಂಡೆ. ಅವನು ಮೇಲೆ ಬರಲೇ ಇಲ್ಲ."

"ಹೆಂಡತಿಗೆ ಹೇಳ್ಬಹುದಿತ್ತಲ್ಲ?"

"ಊರ ಮಕ್ಕಳಿಗೆಲ್ಲ ಈಜು ಕಲಿಸೋನು ಯಾವ ಬಾಯಲ್ಲಿ ಹೇಳ್ಲಿ?"

"ಅದಕ್ಕೆ ಹೆತ್ತ ಮಗಳನ್ನೇ ಹೆದರಿಸಿದ್ರಿ."

ಮೇಷ್ಟ್ರು ಕೊರಳಿನ ಸೀಟಿ ತೆಗೆದು ಮೆಟ್ಟಿಲ ಮೇಲಿಟ್ಟರು.

ಸಂಜೆ ಐದಕ್ಕೆ ಬಂಧನವಾಯಿತು. ಹೇಳಿಕೆ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್‌ನ ತೋಳು ಇನ್ನೂ ಒದ್ದೆಯಿತ್ತು. ಕೊನೆಯಲ್ಲಿ, ಮತ್ತೇನಾದರೂ ಹೇಳುವುದಿದೆಯೇ ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಹಾರೋ ಜಾಗ ಗುರುತು ಹಾಕಿಟ್ಟಿದ್ದಾಳೆ ಸರ್. ಅಪ್ಪ ಇದ್ದಾನೆ ಅಂತ ಅವಳು ಹಾರ್ತಾಳೆ," ಎಂದರು ಮೇಷ್ಟ್ರು. "ನಾನು ಹಾರಲ್ಲ."